ತಡಮೆ ದಾಟಿದವಳು

ಕುಂಟಲಪಲ್ಕೆಯಲ್ಲಿ ಪೂವಮ್ಮನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವುದು ಒಂದೇ ಮಾತು: ಬಾಯಿ ಜೋರು. ಗಂಡ ಸುಬ್ಬಪ್ಪ ಘಾಟಿಯ ಮರದ ಕೆಲಸಕ್ಕೆಂದು ಕಕ್ಕಿಂಜೆಗೆ ಹೋಗಿ, ಚಳಿಜ್ವರ ಹಿಡಿಸಿಕೊಂಡು ಬಂದು ಸತ್ತ ಮೇಲೆ ಅವಳು ಗಂಡಸರ ಸಮಕ್ಕೆ ಗದ್ದೆ ಮಾಡಿದಳು. ಅದನ್ನು ಯಾರೂ ಹೇಳುವುದಿಲ್ಲ. ಇದ್ದೊಬ್ಬ ಮಗಳನ್ನು ಸಾಕಿ ಬೆಳೆಸಿ ಬಂಟ್ವಾಳಕ್ಕೆ ಮದುವೆ ಮಾಡಿ ಕೊಟ್ಟಳು. ಅದನ್ನೂ ಹೇಳುವುದಿಲ್ಲ. ಬಾಯಿ ಜೋರಂತೆ. ಅಲ್ಲ ಮಾರಾಯರೇ, ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡು ಕೂತಿರುವಾಗ ಒಬ್ಬಳು ಮಾತಾಡಿದರೆ ಅದು ಜೋರಾಗಿಯೇ ಕೇಳುತ್ತದೆ.

ಕುಂಟಲಪಲ್ಕೆ ಇರುವುದು ವೇಣೂರಿನಿಂದ ಒಳಗೆ. ಬಸ್ಸಿಳಿದು ಹೊಳೆಯ ಬದಿ ಹಿಡಿದು ನಡೆಯಬೇಕು. ಊರಿನ ಬೆನ್ನಿಗೆ ಬೊಳ್ಳಕಾನ ಎಂಬ ಕಾಡು. ಸರಕಾರದ ಕಡತದಲ್ಲಿ ಅದಕ್ಕೆ ಏನು ಹೆಸರೋ, ಊರವರಿಗೆ ಅದು ಊರ ಕಾಡು. ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಿ ಗೊಬ್ಬರ ಮಾಡುವ ಸೊಪ್ಪು ಅಲ್ಲಿಂದ, ಒಲೆಗೆ ಸೌದೆ ಅಲ್ಲಿಂದ, ಗದ್ದೆಬೇಲಿಯ ಗೂಟ ಅಲ್ಲಿಂದ. ಊರಿನಲ್ಲಿ ಯಾರು ಸತ್ತರೂ, ದೊಡ್ಡ ಮನೆಯವರಿರಲಿ ಗುಡಿಸಲಿನವರಿರಲಿ, ಚಿತೆಗೆ ಮಾವಿನ ಮರ ಬೊಳ್ಳಕಾನದಿಂದಲೇ ಬರಬೇಕು. ಮನೆ ಜಾಗದ ಮರ ಮನೆಯವರ ಚಿತೆಗೆ ಆಗದು ಎಂಬುದು ಅಲ್ಲಿಯ ಕ್ರಮ. ಬೇರೆ ಹೊತ್ತಿನಲ್ಲಿ ಹಸಿ ಮರದ ಬುಡಕ್ಕೆ ಯಾರೂ ಕೊಡಲಿ ಇಡುವಂತಿಲ್ಲ. ಕಾಡಿನ ಬಾಗಿಲಲ್ಲಿ ದೈವದ ಕಲ್ಲೊಂದು ಉಂಟು, ಕೊಯ್ದ ಮೊದಲ ಹಿಡಿ ಸೊಪ್ಪು ಅದರ ಬುಡಕ್ಕೆ. ಯಾರೂ ಬರೆದಿಡದ ಈ ಕ್ರಮಗಳನ್ನು ಊರು ಚಾಚೂ ತಪ್ಪದೆ ನಡೆಸಿಕೊಂಡು ಬಂದಿತ್ತು.

ಸೊಪ್ಪಿಗೆ ಹೋಗುವುದೆಂದರೆ ಬೆಳಿಗ್ಗೆ ಗಂಜಿ ಉಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಹೊರೆ ಕಟ್ಟುವ ಬಳ್ಳಿ ಹೆಗಲಿಗೆ ಹಾಕಿಕೊಂಡು, ಮನೆ ಮನೆಯ ಅಂಗಳದಿಂದ ಒಬ್ಬರನ್ನೊಬ್ಬರು ಕರೆಯುತ್ತ ಹೊರಡುವುದು. ಗದ್ದೆಯ ಬದು, ನಮ್ಮ ಮಾತಿನ ಹುಣಿಯ ಮೇಲೆ ಸಾಲಾಗಿ ನಡೆದು, ತೋಡಿನ ನೀರಿಗೆ ಅಡ್ಡ ಹಾಕಿದ ಅಡಕೆ ಮರದ ಸಂಕ ದಾಟಿ, ಊರಿನ ಒಡೆಯರದಾದ ಗುತ್ತಿನ ಮನೆಯ ಹಿಂದಿನ ಗುಡ್ಡೆ ಹತ್ತಿದರೆ ಮೇಲೆ ಒಂದು ತಡಮೆ. ಎರಡು ಕವಲುಗೂಟ ನೆಟ್ಟು ಅಡ್ಡಕ್ಕೆ ಮರ ಇಟ್ಟ ದಾಟು ಅದು. ಮನುಷ್ಯರು ಕಾಲೆತ್ತಿ ದಾಟಬಹುದು, ದನ ದಾಟಲಾರದು. ಅದರ ಆಚೆಗೆ ಬೊಳ್ಳಕಾನ. ಪೂವಮ್ಮ ಮೂಡುಬಿದಿರೆ ಕಡೆಯಿಂದ ಮದುವೆಯಾಗಿ ಬಂದ ಮರುವಾರವೇ ಅತ್ತೆಯ ಹಿಂದೆ ಆ ತಡಮೆ ದಾಟಿದವಳು. ಅಂದಿನಿಂದ ಅವಳ ಗದ್ದೆಯ ಗೊಬ್ಬರವೆಲ್ಲ ಆ ದಾರಿಯಲ್ಲೇ ಬಂದದ್ದು.

ಆ ಗುಡ್ಡೆ ಗುತ್ತಿನ ಕುಮ್ಕಿ. ಪಟ್ಟಾ ಜಾಗದ ಸುತ್ತ ಸೊಪ್ಪು ಸೌದೆಗೆಂದು ಬಿಟ್ಟ ಗುಡ್ಡೆಗೆ ನಮ್ಮಲ್ಲಿ ಕುಮ್ಕಿ ಅನ್ನುತ್ತಾರೆ. ಒಡೆಯನಿಗೆ ಅದರಲ್ಲಿ ಸೊಪ್ಪು ಕೊಯ್ಯುವ ಹಕ್ಕುಂಟು, ಮಣ್ಣು ಸರಕಾರದ್ದು. ಇದು ಗುತ್ತಿನ ಧನಿ ಮುಂಡಪ್ಪನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ, ಊರಿಗೆಲ್ಲ ಕಾನೂನು ಹೇಳುತ್ತಿದ್ದವ ಅವನೇ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿರಬೇಕು, ಒಂದು ಬೇಸಗೆಯಲ್ಲಿ ಅವನು ಆ ಗುಡ್ಡೆಗೆ ಗೇರುಗಿಡ ಹಾಕಿದ. ಮೂಡುಬಿದಿರೆಯಿಂದ ಗಾಡಿಯಲ್ಲಿ ಮುಳ್ಳುತಂತಿ ತರಿಸಿ ಸುತ್ತ ಬಿಗಿದ. ತಡಮೆಗೂ ಅಡ್ಡಲಾಗಿ ಬಿಗಿದ.

ಮರುದಿನ ಸೊಪ್ಪಿಗೆ ಹೊರಟ ಹೆಂಗಸರು ತಂತಿ ಕಂಡು ನಿಂತರು. ಮುಂಡಪ್ಪ ಅಲ್ಲೇ ಕೆಲಸದವರಿಂದ ಗಿಡಕ್ಕೆ ಮಣ್ಣು ಹಾಕಿಸುತ್ತಿದ್ದ.

"ಇದೆಂತ ಧನಿಗಳೇ?" ಎಂದು ಪೂವಮ್ಮ ಕೇಳಿದಳು.

"ಗೇರು ಹಾಕಿದ್ದೇನೆ. ದನ ಬಂದ್ರೆ ತಿಂದು ಹಾಕ್ತದೆ."

"ದನ ತಡಮೆ ಹತ್ತುದಿಲ್ಲ. ಹತ್ತುವುದು ನಾವು. ನಾವು ಗೇರುಸೊಪ್ಪು ತಿನ್ನುದಿಲ್ಲ."

"ಬಾಯಿ ಬೇಡ ಪೂವಮ್ಮ. ಸೊಪ್ಪು ಬೇಕಾದವರು ಮನೆಗೆ ಬಂದು ಒಂದು ಮಾತು ಕೇಳಿ. ನಾನು ಇಲ್ಲ ಅಂತೇನಾ?"

ಅಲ್ಲಿಗೆ ಗುಟ್ಟು ಬಯಲಾಯಿತು. ಗೇರುಬೀಜಕ್ಕಲ್ಲ ಆ ತಂತಿ. ಕೇಳಲು ಬರಬೇಕು, ಬಂದವರು ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕು, ನಿಂತವರಿಗೆ "ನಾಳೆ ನಮ್ಮ ಗದ್ದೆಗೊಂದು ಆಳು ಕಳಿಸು" ಅನ್ನಬೇಕು. ಊರಿನಲ್ಲಿ ಮುಕ್ಕಾಲು ಪಾಲು ಜನ ಗುತ್ತಿನ ಗೇಣಿ ಒಕ್ಕಲುಗಳು. ಬಿಟ್ಟಿ ಕೆಲಸವೆಲ್ಲ ಮೆಲ್ಲಮೆಲ್ಲನೆ ನಿಂತುಹೋಗುವ ಕಾಲ ಅದು. ಧನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಪೂವಮ್ಮನ ಗದ್ದೆ ಮಾತ್ರ ಬೇರೆ ಒಡೆಯರಿಂದ ಕಾಯಂ ಆಗಿ ಪಡೆದ ಮೂಲಗೇಣಿಯದ್ದು, ಮುಂಡಪ್ಪ ಅವಳನ್ನು ಎಬ್ಬಿಸುವ ಹಾಗಿರಲಿಲ್ಲ. ಅವಳು ಕತ್ತಿಯ ಹಿಡಿಯಿಂದ ತಂತಿಯನ್ನು ಎತ್ತಿ ಹಿಡಿದು, "ಬನ್ನಿ" ಎಂದು ಹಿಂದಿದ್ದವರನ್ನು ಕರೆದು, ನುಸುಳಿಕೊಂಡು ಹೋದಳು. ಮರುದಿನ ತಂತಿ ಎರಡು ಸುತ್ತಾಗಿತ್ತು. ಅದನ್ನೂ ಎತ್ತಿದಳು.

ತಂತಿಯಿಂದ ಆಗದ ಕೆಲಸಕ್ಕೆ ಮುಂಡಪ್ಪ ದೈವವನ್ನು ಕರೆದ. ಬೇಸಗೆಯ ಕೊನೆಗೆ ಬರುವ ಪತ್ತನಾಜೆಯ ಹಿಂದಿನ ದಿನ ಊರಿನ ನಾಲ್ಕು ಹಿರಿಯರನ್ನು ಗುಡ್ಡೆಗೆ ಬರಹೇಳಿದ. ತಡಮೆಯ ಗೂಟಕ್ಕೆ ಎಳೆ ತೆಂಗಿನ ಗರಿ ಕಟ್ಟಿ, ದೈವದ ಕಲ್ಲಿನ ಕಡೆ ಕೈ ಮುಗಿದು ಗಟ್ಟಿಯಾಗಿ ಹೇಳಿದ: "ಈ ಊರಿನ ಯಾವ ಕಾಲು ಈ ತಡಮೆ ದಾಟಿದರೂ ಅದಕ್ಕೆ ದೈವದ ಆಣೆ ಉಂಟು."

ನಮ್ಮ ಕಡೆ ಆಣೆ ಹಾಕಿದರೆ ಮುಗಿಯಿತು. ಕೋರ್ಟಿನ ತಡೆಯಾಜ್ಞೆಗೆ ಮೇಲೊಂದು ಕೋರ್ಟು ಉಂಟು, ಆಣೆಗಿಲ್ಲ. ಅದನ್ನು ತೆಗೆಯಬೇಕಾದರೆ ಎರಡೂ ಕಡೆಯವರು ನೇಮದ ಕಳದಲ್ಲಿ, ಪಾತ್ರಿಯ ಮೈಮೇಲೆ ಬಂದು ಮಾತಾಡುವ ದೈವದ ಮುಂದೆ ನಿಲ್ಲಬೇಕು. ಪತ್ತನಾಜೆ ಕಳೆಯಿತೆಂದರೆ ದೈವಗಳಿಗೆ ಬಿಡುವು. ದೀಪಾವಳಿ ದಾಟುವವರೆಗೆ ನೇಮವೂ ಇಲ್ಲ, ಕೋಲವೂ ಇಲ್ಲ. ಮಳೆಗಾಲ ಪೂರ್ತಿ ಜನ ತನ್ನ ಅಂಗಳಕ್ಕೆ ಬರಲಿ ಎಂದೇ ಅವನು ಆ ದಿನ ಹುಡುಕಿದ್ದ.

ಪೂವಮ್ಮ ಸೀದಾ ಮೂಸಾ ಬ್ಯಾರಿಯ ಅಂಗಡಿಗೆ ಹೋದಳು. ಬೆಲ್ಲ, ಒಣಮೀನು, ಬೀಡಿ ಮಾರುವ ಆ ಅಂಗಡಿಯ ಜಗಲಿಯಲ್ಲಿ ಊರಿನ ಗಂಡಸರೆಲ್ಲ ಸಿಗುತ್ತಾರೆ. ನೆರೆಮನೆಯ ಲೋಕಯ್ಯ ಎಲೆಯಡಿಕೆ ಹಾಕಿಕೊಂಡು ಕೂತಿದ್ದ.

"ಗರಿ ಕಟ್ಟುವಾಗ ನೀನೂ ಇದ್ದಿಯಲ್ಲ ಲೋಕಯ್ಯ. ಒಂದು ಮಾತು ಆಡ್ಲಿಕ್ಕೆ ಆಗಲಿಲ್ವಾ?"

"ದೈವದ ಮಾತು ಪೂವಕ್ಕ. ನಾವೆಂತ ಮಾಡ್ಲಿಕ್ಕಾಗ್ತದೆ?"

"ದೈವದ ಮಾತಲ್ಲ, ಮುಂಡಪ್ಪನ ಮಾತು. ದೈವ ಹೇಳಿದ್ದನ್ನು ನೀನು ಕೇಳಿದ್ದುಂಟಾ?"

"ದೀಪಾವಳಿ ಕಳೀಲಿ. ನೇಮದಲ್ಲಿ ಎಲ್ಲರೂ ಸೇರಿ ಕೇಳುವ."

"ಅಷ್ಟರವರೆಗೆ ನಿನ್ನ ಎತ್ತು ಹಟ್ಟಿಯ ಕೆಸರಿನಲ್ಲಿ ಈಜುವುದಾ?"

ಎಲ್ಲರೂ ನಕ್ಕರು, ಲೋಕಯ್ಯನೂ ನಕ್ಕ. ನಗಲಿಕ್ಕೆ ಬೇಕಾದಷ್ಟು ಬಾಯಿ ಇತ್ತು ಅವರಿಗೆ. ಮಳೆ ಹಿಡಿದ ಮೊದಲ ವಾರವೇ ಅದೇ ಲೋಕಯ್ಯ ಗುತ್ತಿನ ಅಂಗಳದಲ್ಲಿ ತಲೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಧನಿಯ ಗದ್ದೆಯಲ್ಲಿ ಹುಣಿ ಕಟ್ಟಿ, ಸಂಜೆಗೆ ಕುಮ್ಕಿಯ ಒಂದು ಹೊರೆ ಸೊಪ್ಪು ತಂದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರೆ. ಇಲ್ಲಿ ಹೊಲವೇ ಎದ್ದು ಬೇಲಿಗೆ ನಮಸ್ಕಾರ ಮಾಡಿತು.

ಆದರೆ ಪೂವಮ್ಮನೂ ಆಣೆ ದಾಟಲಿಲ್ಲ. ಅವಳಿಗೂ ದೈವದ ಭಯವಿತ್ತು. ಸುಬ್ಬಪ್ಪ ಸತ್ತ ಮೇಲೆ ಕಷ್ಟ ಹೇಳಿಕೊಂಡದ್ದು ಆ ಕಲ್ಲಿಗೇ. ಅಂಗಳಕ್ಕೆ ಹೋಗಿ ಕೈಕಟ್ಟಿ ನಿಲ್ಲಲಾರಳು, ಗರಿಯನ್ನು ಕಿತ್ತೆಸೆಯಲಾರಳು. ಹಾಗಾಗಿ ಸುತ್ತುದಾರಿ ಹಿಡಿದಳು. ತೋಡಿನ ಬದಿಯಲ್ಲೇ ಮೇಲಕ್ಕೆ ಹೋಗಿ, ಪಾಚಿಗಟ್ಟಿದ ಪಾದೆಕಲ್ಲು ಹತ್ತಿ, ಬೊಳ್ಳಕಾನದ ಹಿಂದಿನ ಮಗ್ಗುಲಿಂದ ಒಳಗೆ ಸೇರುವ ದಾರಿ ಅದು. ಬೆಳಿಗ್ಗೆ ಹೋದರೆ ಒಂದು ಹೊರೆ ತರುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಒಮ್ಮೆ ಪಾದೆಯಲ್ಲಿ ಕಾಲು ಜಾರಿ ಹೊರೆ ತೋಡಿಗೆ ಬಿತ್ತು. ಕೆಂಪು ನೀರು ಸೊಪ್ಪನ್ನೆಲ್ಲ ಎಳೆದುಕೊಂಡು ಹೋಯಿತು. ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ ಅವಳು ಅಲ್ಲೇ ಕೂತು ಮುಂಡಪ್ಪನಿಗೆ ಬೈದಳು, ಊರಿಗೆ ಬೈದಳು. ಕೊನೆಗೆ ತನಗೇ ಬೈದುಕೊಂಡಳು.

ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮುಂಡಪ್ಪನ ತಾಯಿ ಕಾಂತಿಯಮ್ಮ ತೀರಿಕೊಂಡರು. ಒಳ್ಳೆಯ ಜೀವ. ಮೊಣಕಾಲು ಗಟ್ಟಿ ಇರುವವರೆಗೆ ಒಕ್ಕಲು ಹೆಂಗಸರ ಜೊತೆ ತಾವೂ ಬೊಳ್ಳಕಾನಕ್ಕೆ ಬರುತ್ತಿದ್ದವರು. ಸುಬ್ಬಪ್ಪನ ಹೆಣ ಅಂಗಳದಲ್ಲಿದ್ದ ದಿನ ಪೂವಮ್ಮನ ಪಕ್ಕ ನೆಲದ ಮೇಲೆ ಕೂತವರು ಅವರೊಬ್ಬರೇ. ಸುದ್ದಿ ತಿಳಿದ ಕೂಡಲೇ ಪೂವಮ್ಮ ಗುತ್ತಿಗೆ ಹೋದಳು. ಮುಂಡಪ್ಪನ ಮೇಲಿನ ಸಿಟ್ಟನ್ನು ಹೊರಗೆ ಬಿಟ್ಟು ಒಳಗೆ ಹೋಗಿ ಹೆಣದ ಕಾಲಬುಡದಲ್ಲಿ ಕೂತಳು.

ಮಳೆ ಹೊಯ್ಯುತ್ತಿತ್ತು. ಊರ ಗಂಡಸರೆಲ್ಲ ಚಾವಡಿಯಲ್ಲಿ ಸೇರಿದ್ದರು. ಹೆಣ ಮೀಯಿಸಿ ಆಯಿತು, ಬಾಳೆಲೆಯ ಮೇಲೆ ಮಲಗಿಸಿ ಆಯಿತು. ಮುಂಡಪ್ಪ ಹೊರಗೆ ಬಂದು ಕೇಳಿದ: "ಮರಕ್ಕೆ ಯಾರು ಹೋಗ್ತೀರಿ?"

ಯಾರೂ ಏಳಲಿಲ್ಲ.

"ಹೊತ್ತು ಹೋಗ್ತದೆ. ಲೋಕಯ್ಯ, ಕೊಡಲಿ ತಕೊ."

ಲೋಕಯ್ಯ ನೆಲ ನೋಡುತ್ತ ಹೇಳಿದ: "ಧನಿಗಳೇ, ಆಣೆ ಉಂಟಲ್ಲ."

"ಹಾಕಿದವ ನಾನು. ನಾನೇ ಹೋಗಿ ಅಂತ ಹೇಳ್ತಿದ್ದೇನೆ."

"ಹಾಕುವುದು ನಿಮ್ಮಿಂದ ಆಗ್ತದೆ. ತೆಗೀಲಿಕ್ಕೆ ದೈವವೇ ಬರ್ಬೇಕು. ಈಗ ಆಟಿ ಅಲ್ವಾ?"

ಮುಂಡಪ್ಪನ ಮುಖ ಆಗ ನೋಡಬೇಕಿತ್ತು. ಊರಿನ ಯಾವ ಕಾಲೂ ಎಂದು ಗಟ್ಟಿ ಸ್ವರದಲ್ಲಿ ಹೇಳುವಾಗ ತನ್ನ ಮನೆಯ ಕಾಲುಗಳನ್ನು ಬಿಟ್ಟು ಹೇಳಬೇಕೆಂಬ ಬುದ್ಧಿ ಅವನಿಗೆ ಹೊಳೆದಿರಲಿಲ್ಲ. ಸುತ್ತುದಾರಿಯಲ್ಲಿ ತೋಡು ತುಂಬಿ ಹರಿಯುತ್ತಿತ್ತು. ಆ ಪಾದೆಯ ಮೇಲೆ ಹಸಿ ಮಾವಿನ ದಿಮ್ಮಿ ಹೊತ್ತು ಇಳಿಯುವುದು ಆಗದ ಮಾತು. ಅಷ್ಟರಲ್ಲಿ ಯಾರೋ ಒಬ್ಬ ಬುದ್ಧಿವಂತ, "ಮೂಸಾ ಬ್ಯಾರಿ ಹೋಗಲಿ. ಅವರಿಗೆ ನಮ್ಮ ದೈವದ ಆಣೆ ಇಲ್ಲವಲ್ಲ" ಎಂದ.

ಮೂಸಾ ಚಾವಡಿಯ ಮೆಟ್ಟಿಲ ಹತ್ತಿರ ಕೊಡೆ ಹಿಡಿದು ನಿಂತಿದ್ದ. ಅವನು ಮೆಲ್ಲನೆ ಹೇಳಿದ: "ನನ್ನ ಅಜ್ಜ ಹುಟ್ಟಿದ್ದು ಈ ಊರಿನಲ್ಲಿ. ಆಣೆ ಹಾಕುವಾಗ ಊರಿನ ಕಾಲು ಅಂತ ಹೇಳಿದ್ದಾರೆ. ನನ್ನ ಕಾಲು ಯಾವ ಊರಿನದ್ದು?"

ಹೆಣದ ಬಳಿಯಿಂದ ಪೂವಮ್ಮ ಇದನ್ನೆಲ್ಲ ಕೇಳುತ್ತಿದ್ದಳು. ಮೊದಲಿಗೆ ಅವಳಿಗೂ ಒಳಗೊಳಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಉಪ್ಪು ತಿಂದವ ನೀರು ಕುಡಿಯಲಿ ಅಂದುಕೊಂಡಳು. ಆಮೇಲೆ ಕಾಂತಿಯಮ್ಮನ ಮುಖ ನೋಡಿದಳು. ಗಲ್ಲಕ್ಕೆ ಕಟ್ಟಿದ ಬಟ್ಟೆಯ ಅಂಚಿನಲ್ಲಿ ನೊಣ ಕೂತಿತ್ತು. ಹೊರಗೆ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ, ಒಳಗಿನ ನಗು ತಡೆದುಕೊಂಡು, ಈ ಮುದುಕಿಯ ಹೆಣವನ್ನು ಮುಂದಿಟ್ಟುಕೊಂಡು ಧನಿಯ ಮೇಲೆ ಹಗೆ ತೀರಿಸುತ್ತಿದ್ದರು. ಬದುಕಿದ್ದವರ ಹಟ್ಟಿ ಕೆಸರಾದಾಗ ಬಾಯಿ ಬಿಡದವರು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಎದ್ದು ಚಾವಡಿಗೆ ಬಂದಳು.

"ಧನಿಗಳೇ, ನಿಮ್ಮ ಹಟಕ್ಕೆ ದೈವದ ಹೆಸರು ಹಾಕಿದಿರಿ. ಅದನ್ನು ಇವತ್ತು ನಿಮ್ಮ ಅಮ್ಮ ಅನುಭವಿಸ್ತಿದ್ದಾರೆ. ನಾಚಿಕೆ ಆಗ್ಬೇಕು ನಿಮಗೆ," ಎಂದಳು. ಮತ್ತೆ ಗಂಡಸರ ಕಡೆ ತಿರುಗಿದಳು. "ನಿಮಗೂ ಆಗ್ಬೇಕು. ಧನಿ ಗರಿ ಕಟ್ಟಿದಾಗ ನಿಮಗೆ ಧೈರ್ಯ ಬರಲಿಲ್ಲ. ಈ ಮುದುಕಿ ಕಣ್ಣು ಮುಚ್ಚಿದ ಮೇಲೆ ಬಂತಲ್ಲ."

ಗೋಡೆಗೆ ಒರಗಿಸಿದ್ದ ಕೊಡಲಿ ತೆಗೆದುಕೊಂಡು ಮಳೆಗೆ ಇಳಿದಳು. ಹೆಂಗಸು ಚಿತೆಯ ಮರಕ್ಕೆ ಕೊಡಲಿ ಹಿಡಿಯುವ ಕ್ರಮವೇ ಇಲ್ಲ.

ತಡಮೆಯ ಹತ್ತಿರ ಬಂದು ಅವಳು ನಿಂತಳು. ಗೂಟದಲ್ಲಿ ಗರಿ ಒಣಗಿ ಕಪ್ಪಾಗಿತ್ತು. ಪೂವಮ್ಮ ಅದನ್ನು ಮುಟ್ಟಲಿಲ್ಲ. ಕಲ್ಲಿನ ಕಡೆ ನೋಡಿ ಹೇಳಿದಳು: "ಇದು ನಿನ್ನ ಆಣೆ ಅಲ್ಲ ಅಂತ ನನ್ನ ಮನಸ್ಸು ಹೇಳ್ತದೆ. ನಿನ್ನದೇ ಹೌದಾದರೆ ದಾಟಿದ ತಪ್ಪು ನನಗಿರಲಿ, ಆ ಅಮ್ಮನನ್ನು ಕಾಯಿಸ್ಬೇಡ." ಕೊಡಲಿಯ ಕಾವಿನಿಂದ ತಂತಿ ಒತ್ತಿ ಹಿಡಿದು, ಸೀರೆ ಎತ್ತಿಕಟ್ಟಿ, ದಾಟಿದಳು. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಮೂಸಾ ಕೊಡೆ ಮಡಚಿ ಬೇಲಿಗೆ ಸಿಕ್ಕಿಸಿ ಅವಳ ಹಿಂದೆಯೇ ತಡಮೆ ಹತ್ತುತ್ತಿದ್ದ. ಮರಕ್ಕೆ ಮೊದಲ ಏಟು ಪೂವಮ್ಮ ಹಾಕಿದಳು, ಆಮೇಲೆ ಮೂಸಾ ಕಡಿದ. ಮರ ನೆಲಕ್ಕೆ ಬೀಳುವ ಹೊತ್ತಿಗೆ ಊರಿನ ಗಂಡಸರೆಲ್ಲ ಅಲ್ಲಿದ್ದರು, ಲೋಕಯ್ಯ ಎಲ್ಲರಿಗಿಂತ ಮುಂದೆ. ಕತ್ತಲೆಗೆ ಮೊದಲು ಕಾಂತಿಯಮ್ಮನ ಚಿತೆ ಹತ್ತಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೂ ಸಿಟ್ಟು ಬರುತ್ತಿರಲಿಲ್ಲ.

ಸೂತಕ ಕಳೆಯುವುದರೊಳಗೆ ಅಂಗಡಿಯ ಜಗಲಿಯಲ್ಲಿ ಹೊಸದೊಂದು ಮಾತು ಹುಟ್ಟಿತು. ಆಣೆ ತಟ್ಟುವುದು ಮೊದಲು ದಾಟಿದವರಿಗೆ. ಅದು ಪೂವಮ್ಮನಿಗೆ ತಟ್ಟಿ ಅಲ್ಲಿಗೆ ತೀರಿಹೋಯಿತು, ಹಿಂದೆ ಹೋದವರಿಗೆ ಏನೂ ಇಲ್ಲ. ಎಷ್ಟು ಚಂದದ ಲೆಕ್ಕ ನೋಡಿ. ಯಾವ ದೈವ ಹೇಳಿತು, ದೈವದ ಕಥೆ ಹಾಡುವ ಯಾವ ಪಾಡ್ದನದಲ್ಲಿ ಉಂಟು, ಯಾರೂ ಕೇಳಲಿಲ್ಲ. ಮರುವಾರದಿಂದ ಊರಿಡೀ ತಡಮೆ ದಾಟಿ ಸೊಪ್ಪಿಗೆ ಹೋಗತೊಡಗಿತು. ಮುಂಡಪ್ಪನೂ ಸುಮ್ಮನಿದ್ದ, ತಡಮೆಯ ತಂತಿ ತಾನೇ ತೆಗೆಸಿದ. ಇನ್ನೊಮ್ಮೆ ಆಣೆ ಹಾಕುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

ದಾರಿ ಸಿಕ್ಕಿತು. ದಾರಿ ಮಾಡಿಕೊಟ್ಟವಳು ಮಾತ್ರ ಊರಿಗೆ ಬೇಡವಾದಳು. ನಾಟಿಗೆ ಅವಳನ್ನು ಕರೆಯಲಿಲ್ಲ. ಹೊಸಕ್ಕಿ ಊಟಕ್ಕೆ ಕರೆಯಲಿಲ್ಲ. ಅವಳ ಮನೆಯ ನೀರು ಕುಡಿದರೆ ಆಣೆಯ ದೋಷ ತಮಗೂ ಅಂಟೀತೆಂದು ಹೆಂಗಸರು ಅಂಗಳದಾಚೆಯಿಂದಲೇ ಮಾತಾಡಿಸಿ ಹೋದರು. ಬೆಳಿಗ್ಗೆ ಸೊಪ್ಪಿಗೆ ಕರೆಯುವ ಕೂಗು ಪಕ್ಕದ ಅಂಗಳದಲ್ಲಿ ಕೇಳುತ್ತಿತ್ತು, ಅವಳ ಅಂಗಳ ಬಿಟ್ಟು ಅದರಾಚೆಯ ಅಂಗಳದಲ್ಲಿ ಕೇಳುತ್ತಿತ್ತು. ಮೂಸಾ ಮಾತ್ರ ಮೊದಲಿನಂತೆಯೇ ಇದ್ದ. ಅವನ ಹೆಂಡತಿ ನಫೀಸಮ್ಮ ಮಳೆಯಲ್ಲಿ ಬಂದು ಜಗಲಿಯಲ್ಲಿ ಕೂತು ಪೂವಮ್ಮನ ಕೈಯ ಬೆಲ್ಲನೀರು ಕುಡಿದು ಹೋಗುತ್ತಿದ್ದಳು.

ನೇಮ ಬಂತು. ಕಳದಲ್ಲಿ ದೈವ ಮೊದಲ ಬೂಳ್ಯ ಕೊಡಬೇಕಾದ್ದು ಗುತ್ತಿಗೆ. ಮುಂಡಪ್ಪ ಜರಿಶಾಲು ಹೊದ್ದು ಬಂದು ಆ ಎಲೆಯಡಿಕೆಯ ಗೌರವ ಪಡೆದ. ಆಣೆಯ ಮಾತು ಬಂದಾಗ ದೈವ, "ಹತ್ತು ಮಂದಿ ಕೂಡಿ ತೀರ್ಮಾನ ಮಾಡಿ ಬನ್ನಿ" ಎಂದಿತು. ಹತ್ತು ಮಂದಿ ಕೂಡಿದರು. ಪೂವಮ್ಮ ತಪ್ಪುಕಾಣಿಕೆ ಹಾಕಿ ಕೈಮುಗಿಯಬೇಕು, ಹಾಕಿದರೆ ಎಲ್ಲರೂ ಮೊದಲಿನಂತೆ ಇರಬಹುದು ಎಂದು ತೀರ್ಮಾನವಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

"ಒಂದು ಕಾಸು ಹಾಕಿ ಬಿಡಿ ಪೂವಕ್ಕ. ಎಂತ ಹೋಗ್ತದೆ?" ಎಂದ ಲೋಕಯ್ಯ, ಅವಳ ಕಿವಿಯ ಹತ್ತಿರ.

ಪೂವಮ್ಮ ದೈವದ ಎದುರು ಹೋಗಿ ನಿಂತಳು. "ಸ್ವಾಮಿ, ಹೆಣ ಕಾಯ್ತಾ ಇತ್ತು, ನಾನು ಹೋದೆ. ನೀನೇ ತಪ್ಪು ಅಂತ ಹೇಳಿದರೆ ನನ್ನ ಕುತ್ತಿಗೆಯ ಕರಿಮಣಿ ತೆಗೆದ ದಿನಕ್ಕಿಂತ ಹೆಚ್ಚು ದುಃಖದಲ್ಲಿ ಕಾಣಿಕೆ ಹಾಕ್ತೇನೆ. ಇವರು ಹೇಳಿದರೆ ಹಾಕುದಿಲ್ಲ. ನಿನ್ನ ಹೆಸರು ಕದ್ದವರಿಗೆ ಬೂಳ್ಯ ಸಿಕ್ಕಿತು. ಮೊದಲು ಅವರು ಹಾಕಲಿ."

ದೈವ ಅವಳ ಮುಖ ನೋಡಿತು, ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಹಿರಿಯರು ಅವಸರದಲ್ಲಿ ಡೋಲು ಬಾರಿಸಲು ಸನ್ನೆ ಮಾಡಿದರು. ಪೂವಮ್ಮ ಕೈಮುಗಿದು ಮನೆಗೆ ಬಂದಳು. ಕಾಣಿಕೆ ಬೀಳಲಿಲ್ಲವಾದ್ದರಿಂದ ದೋಷ ಹಾಗೆಯೇ ಉಳಿಯಿತೆಂದು ಊರು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿತು.

ವರ್ಷಗಳು ಹೋದವು. ಗೇರುಮರಗಳು ಆಳೆತ್ತರ ದಾಟಿ ಬೀಜ ಬಿಟ್ಟವು. ಅರುವತ್ತೈದನೇ ಇಸವಿಯ ಒಂದು ಬೆಳಿಗ್ಗೆ ಪೂವಮ್ಮ ಎಂದಿನಂತೆ ಒಬ್ಬಳೇ ಬೊಳ್ಳಕಾನಕ್ಕೆ ಹೊರಟಿದ್ದಳು. ತಡಮೆಯ ಆಚೆ ಲೋಕಯ್ಯ ಸಿಕ್ಕಿಬಿದ್ದಿದ್ದ. ಆಸೆಗೆ ಬಿದ್ದು ತಲೆ ಮೀರಿದ ಹೊರೆ ಕಟ್ಟಿಕೊಂಡಿದ್ದ, ಜೊತೆಯವರು ಮುಂದೆ ಹೋಗಿಯಾಗಿತ್ತು. ಹೊರೆ ಹೊತ್ತು ತಡಮೆ ಹತ್ತಲಾರ, ಇಳಿಸಿದರೆ ಮತ್ತೆ ಒಬ್ಬನೇ ಎತ್ತಿಕೊಳ್ಳಲಾರ. ಕುತ್ತಿಗೆಯ ನರ ಉಬ್ಬಿ ಕಾಲು ಥರಗುಟ್ಟುತ್ತಿತ್ತು. ಅವಳನ್ನು ಕಂಡು ಮುಖ ಆಚೆ ತಿರುಗಿಸಿದ. ಬಾಯಿ ಬಿಟ್ಟು ಕೇಳಲಿಲ್ಲ.

ಪೂವಮ್ಮ ಹತ್ತಿರ ಬಂದಳು. ಅಡ್ಡಮರದ ಮೇಲೆ ಕಾಲಿಟ್ಟು ಹತ್ತಿ, ಎರಡೂ ಕೈಯಲ್ಲಿ ಹೊರೆಯನ್ನು ಆತು ಹಿಡಿದಳು. ಅವನು ತಲೆ ಬಿಡಿಸಿಕೊಂಡು ತಡಮೆ ದಾಟಿ ಈಚೆ ನಿಂತ. ಹೊರೆಯನ್ನು ಮತ್ತೆ ಅವನ ತಲೆಗೆ ಇಟ್ಟಳು. ಅವನು ಇಳಿಜಾರಿನಲ್ಲಿ ದಡದಡ ಇಳಿದು ಹೋದ.

ಅವಳು ಸೊಂಟದ ಕತ್ತಿ ಸರಿಮಾಡಿಕೊಳ್ಳುತ್ತ ಅಲ್ಲೇ ನಿಂತು ನೋಡಿದಳು. ಲೋಕಯ್ಯ ತೋಡಿನ ಹತ್ತಿರ ನಿಂತ. ದಂಡೆಯ ಎತ್ತರದ ಕಲ್ಲಿನ ಮೇಲೆ ಹೊರೆ ಇಳಿಸಿದ. ಬೊಗಸೆಯಲ್ಲಿ ನೀರು ತೆಗೆದು ಅವಳು ಹಿಡಿದಿದ್ದ ಕಡೆಗೆಲ್ಲ ಚಿಮುಕಿಸಿದ. ತನ್ನ ತಲೆಗೂ ಒಂದಿಷ್ಟು ಹಾಕಿಕೊಂಡ.

ಪೂವಮ್ಮನ ಸ್ವರ ಇಡೀ ಗುಡ್ಡೆಗೆ ಕೇಳಿಸಿತು. ಗುತ್ತಿನ ಅಂಗಳಕ್ಕೂ ಕೇಳಿಸಿರಬೇಕು.

"ಲೋಕಯ್ಯ, ಹೊರೆಗೆ ಮಾತ್ರ ನೀರು ಹಾಕಿದರೆ ಸಾಕಾಗ್ಲಿಕ್ಕಿಲ್ಲ. ನೀನು ಬಂದ ದಾರಿಯನ್ನೂ ತೊಳಕೊಂಡು ಹೋಗು. ಅದಕ್ಕೂ ನನ್ನ ಕಾಲು ತಾಗಿದೆ."

ಲೋಕಯ್ಯ ತಿರುಗಿ ನೋಡದೆ ಕಲ್ಲಿನ ಮೇಲಿನ ಹೊರೆಗೆ ತಲೆ ಕೊಟ್ಟು ಎದ್ದ. ಮರುದಿನವೂ ಅದೇ ದಾರಿಯಲ್ಲಿ ಸೊಪ್ಪಿಗೆ ಬಂದ.